ಮಕ್ಕಳು ಮಲಗಬಾರದ ಜೀಪು

ಕೊಟ್ಟಿಗೆಹಾರದಿಂದ ಮೂಡಿಗೆರೆಗೆ ಬಾಡಿಗೆ ಜೀಪು ಹೊಡೆಯುವ ರಜಬ್ ಅಲಿಗೆ ಅಳುವ ಮಕ್ಕಳೆಂದರೆ ಪ್ರಾಣ. ಕೂಸೊಂದು ಕಿರುಚಿಕೊಂಡರೆ ಮಿಕ್ಕವರು ಕಿವಿ ಮುಚ್ಚಿಕೊಳ್ಳುತ್ತಾರೆ, ಇವನ ಮುಖ ಅರಳುತ್ತದೆ. ಜ್ವರದ ಮಗುವನ್ನು ಎತ್ತಿಕೊಂಡು ಯಾರಾದರೂ ಹತ್ತಿದರಂತೂ ಕನ್ನಡಿಯನ್ನು ರಸ್ತೆ ಬಿಟ್ಟು ಮಗುವಿನ ಕಡೆಗೇ ತಿರುಗಿಸಿಕೊಳ್ಳುತ್ತಾನೆ. "ವಾಂತಿ ಆಯ್ತಾ? ಹೊಟ್ಟೆ ಮುಟ್ಟಿದ್ರೆ ಅಳ್ತದಾ?" ಎಂದು ಪ್ರತಿ ತಿರುವಿನಲ್ಲೂ ಕೇಳುತ್ತಾನೆ. ಮಗು ಕಣ್ಣು ಮುಚ್ಚಿತೋ, ಹಾರ್ನು ಶುರುವಾಗುತ್ತದೆ. ಎದುರಿಗೆ ಬಸ್ಸಿಲ್ಲ, ದನವಿಲ್ಲ, ಹಾರ್ನು ಮಾತ್ರ ನಿಲ್ಲುವುದಿಲ್ಲ. "ಈಗಷ್ಟೇ ಮಲಗಿತ್ತಲ್ಲ ಮಾರಾಯ" ಎಂದು ಎಸ್ಟೇಟಿನ ದ್ಯಾವಮ್ಮ ಮೊಮ್ಮಗನನ್ನು ತಟ್ಟುತ್ತಾ ರೇಗಿದರೆ, "ಅಳ್ಲಿ ಬಿಡಿ ದ್ಯಾವಮ್ಮ, ಆಸ್ಪತ್ರೆ ಮುಟ್ಟಿದ ಮೇಲೆ ಮಲಗ್ಲಿ" ಎನ್ನುತ್ತಾನೆ. ಅವನ ಮಗಳಿಗೂ ಹೀಗೇ ಶೀತಜ್ವರ ಬಿಟ್ಟ ಬೆನ್ನಿಗೆ ಹೊಟ್ಟೆನೋವು ಬಂದಿತ್ತು. ಕರುಳೊಳಗೆ ಕರುಳು ಹೊಕ್ಕಿತ್ತು, ಅಪರೂಪದ ಕಾಯಿಲೆ, ಎಂದು ಡಾಕ್ಟರು ಹೇಳಿದ್ದು ಎಲ್ಲ ಮುಗಿದ ಮೇಲೆ. ಅವತ್ತು ಇದೇ ರಸ್ತೆಯ ಅರ್ಧದಲ್ಲಿ, ಅತ್ತು ಅತ್ತು ಅವಳು ಸುಮ್ಮನಾದಾಗ, ಅಂತೂ ನೋವು ಇಳಿದು ನಿದ್ದೆ ಹತ್ತಿತು ಎಂದುಕೊಂಡ ರಜಬ್ ಅಲಿ, ಮಗಳಿಗೆ ಎಚ್ಚರವಾಗದಿರಲೆಂದು ಗುಂಡಿಗಳನ್ನೆಲ್ಲ ತಪ್ಪಿಸುತ್ತಾ, ಒಂದು ಸಲವೂ ಹಾರ್ನು ಮುಟ್ಟದೆ, ಮೂಡಿಗೆರೆಯವರೆಗೂ ಮೆಲ್ಲಗೆ ಜೀಪು ಬಿಟ್ಟುಕೊಂಡು ಹೋಗಿದ್ದ.