ಮೀನಿನ ವಾಸನೆ ಬಾರದ ಬೆಳಗು

ಇನ್ನೂ ಬೆಳಕು ಹರಿದಿಲ್ಲ. ಬೋಡಿಲ್ ಖಾಲಿ ಪಂಜರಗಳನ್ನು ಉಜ್ಜುತ್ತಿದ್ದಾರೆ. ಮೂರನೆಯ ಶೆಡ್ಡಿನಲ್ಲಿ ಬ್ರಷ್ಷು ತಟ್ಟನೆ ನಿಲ್ಲುತ್ತದೆ. ಪಂಜರದ ತಂತಿಗೆ ಬೂದು ಬಣ್ಣದ ಮುದ್ದೆಯೊಂದು ಕಲ್ಲಿನಂತೆ ಒಣಗಿ ಅಂಟಿದೆ. ಅಕ್ಟೋಬರಿನಲ್ಲಿ ಅವರೇ ಹಾಕಿದ ಊಟ. ಮಿಂಕ್ ಮುಟ್ಟದೆ ಬಿಟ್ಟದ್ದು.

"ಮಿಂಕ್ ಅಂದ್ರೆ ತಂತೀನೂ ನೆಕ್ಕಿ ಹೊಳಪು ಮಾಡೋ ಪ್ರಾಣಿ. ಮುದ್ದೆ ಉಳೀತು ಅಂದ್ರೆ ಅದಕ್ಕೆ ಹುಷಾರಿಲ್ಲ ಅಂತ್ಲೇ," ಎನ್ನುತ್ತಾರೆ.

ಡೆನ್ಮಾರ್ಕಿನ ಉತ್ತರ ತುದಿಯಲ್ಲಿ ತುಪ್ಪಳಕ್ಕಾಗಿ ಮುಂಗುಸಿಯಂಥ ಮಿಂಕ್‌ಗಳನ್ನು ಸಾಕುತ್ತಿದ್ದ ಫಾರಂ ಇದು. ಹತ್ತೊಂಬತ್ತು ವರ್ಷ ಬೋಡಿಲ್‌ರದು ಒಂದೇ ಕೆಲಸ: ಮೀನಿನ ತಲೆ, ಮುಳ್ಳು, ಬಾರ್ಲಿ ಅರೆದ ಮುದ್ದೆಯನ್ನು ದಿನವೂ ನಾಲ್ಕು ಸಾವಿರ ಪಂಜರಗಳ ಮೇಲೆ ಹಾಕುವುದು. ಆ ನಾತ ಅವರ ಕೂದಲಿಗಂಟಿ ಮನೆಯವರೆಗೂ ಬರುತ್ತಿತ್ತು. "ಅಂಗಡೀಲಿ ನನ್ನ ಹಿಂದೆ ಯಾರೂ ಸಾಲು ನಿಲ್ತಿರ್ಲಿಲ್ಲ. ಅದೊಂದು ಸುಖ!"

ಹಾಗಾಗಿ ಆ ಅಕ್ಟೋಬರಿನ ಒಂದು ಬೆಳಗ್ಗೆ ಯಾವ ವಾಸನೆಯೂ ಬಾರದಿದ್ದಾಗ ಅವರಿಗೆ ಗಾಬರಿಯಾಗಲಿಲ್ಲ, ಖುಷಿಯಾಯಿತು. "ಅಂತೂ ನನ್ನ ಮೂಗು ಕೆಲಸ ಬಿಡ್ತು ಕಣೋ ಕ್ರೆಸ್ತೆನ್," ಎಂದು ಒಡೆಯನಿಗೆ ಹೇಳಿದರು.

"ನೀನು ಬಿಡ್ಬೇಡ ಮಾರಾಯ್ತಿ, ಇನ್ನೂ ಎರಡು ಸಾಲು ಬಾಕಿ ಇದೆ," ಎಂದು ಆತ ನಕ್ಕಿದ್ದ.

ನಾಲ್ಕನೆಯ ದಿನ ಹನ್ನೊಂದು ಮುದ್ದೆ ಉಳಿದವು. ಆರನೆಯ ದಿನ ಎಣಿಸುವುದನ್ನು ಬಿಟ್ಟರು. ಪರೀಕ್ಷೆಯಲ್ಲಿ ಅವರಿಗೂ ಕೊರೊನಾ, ಮಿಂಕ್‌ಗಳಿಗೂ ಕೊರೊನಾ. ಎರಡು ವಾರದೊಳಗೆ ಸರ್ಕಾರದ ಆದೇಶದಂತೆ ಹನ್ನೊಂದು ಸಾವಿರ ಮಿಂಕ್‌ಗಳನ್ನೂ ಕೊಂದರು. ಈಗ ತೊಳೆಯುವುದಷ್ಟೇ ಉಳಿದಿದೆ.

ಪರೀಕ್ಷೆಗೆ ಬಂದಿದ್ದ ಪಶುವೈದ್ಯೆ ಹೇಳಿದ ಮಾತು ಬೋಡಿಲ್‌ರಿಗೆ ಬಾಯಿಪಾಠ. "ಜೀವಕೋಶಕ್ಕೂ ಬಾಗಿಲಿಗಿರೋ ಥರ ಒಂದು ಹಿಡಿಕೆ ಇರತ್ತಂತೆ. ವೈರಸ್ ಅದನ್ನ ಹಿಡ್ಕೊಂಡೇ ಒಳಗೆ ಹೋಗೋದು. ಮಿಂಕ್‌ದು ಹೆಚ್ಚುಕಮ್ಮಿ ನಮ್ಮ ಹಿಡಿಕೆ ಥರಾನೇ. ನಾಯೀದು ಅಷ್ಟು ಸಲೀಸಾಗಿ ಕೈಗೆ ಸಿಗಲ್ಲ. ಮೇಲಾಗಿ ಇಲ್ಲಿ ಪಂಜರಕ್ಕೆ ಪಂಜರ ಅಂಟ್ಕೊಂಡಿತ್ತು." ಯಾರಿಂದ ಬಂತೆಂದು ವೈದ್ಯೆ ಹೇಳಲಿಲ್ಲ. ಇವರೂ ಕೇಳಲಿಲ್ಲ.

ಏಳು ವರ್ಷದ ಮಗಳು ಸಿಗ್ನೆ ಮಾತ್ರ ಕೇಳುತ್ತಲೇ ಇರುತ್ತಾಳೆ. ಅಮ್ಮನಿಗೆ ಜ್ವರ ಇದ್ದಷ್ಟು ದಿನವೂ ಅವರ ನಾಯಿ ಬಾಸ್ಸೆ ಕಾಲ ಬುಡದಲ್ಲೇ ಮಲಗಿತ್ತು. ಅದಕ್ಕೆ ಯಾಕೆ ಏನೂ ಆಗಲಿಲ್ಲ? ಪ್ರತಿ ಸಲವೂ ಬೋಡಿಲ್ ಹಿಡಿಕೆಯ ಕಥೆ ಹೇಳುತ್ತಾರೆ.

"ಅವಳು ಅದರ ಮುಂದಿನದನ್ನ ಕೇಳದಿದ್ರೆ ಸಾಕು. ನಂಗೆ ಬೇರೇನೂ ಬೇಡ."

ಏಳೂವರೆಗೆ ಮನೆಗೆ ಬಂದು ಮಗಳ ಬುತ್ತಿಗೆ ಕಪ್ಪು ಬ್ರೆಡ್ಡು ಕತ್ತರಿಸುತ್ತಾರೆ. ಸಿಗ್ನೆ ಅಮ್ಮನ ತೋಳಿಗೆ ಮೂಗು ಒತ್ತುತ್ತಾಳೆ.

"ಈಗ ನಿನ್ನಿಂದ ಮೀನಿನ ವಾಸನೆ ಬರೋದೇ ಇಲ್ಲಮ್ಮ."

"ಹೌದಾ ಪುಟ್ಟಿ?" ಬೋಡಿಲ್‌ರಿಗೆ ಅದು ಗೊತ್ತಾಗುವುದಿಲ್ಲ. ಅವರ ಮೂಗಿಗೆ ವಾಸನೆ ಇನ್ನೂ ಪೂರ್ತಿ ಮರಳಿಲ್ಲ.

ಸಿಗ್ನೆ ನಾಯಿಯ ಕಿವಿ ಸವರುತ್ತಾಳೆ.

"ಅಮ್ಮಾ, ನಿನ್ನ ಹಿಡಿಕೆ, ಮಿಂಕ್ ಹಿಡಿಕೆ ಒಂದೇ ಥರ ಅಂದ್ಯಲ್ಲ... ಹಾಗಾದ್ರೆ ಅವಕ್ಕೆ ನಿನ್ನಿಂದಾನೇ ಬಂತಾ?"