ಹಿಂದುಮುಂದಾದ ಅಂಗಿ

ಬಸ್ಸು ಓಡಿಸಿ ನಿವೃತ್ತರಾದ ಮಾವ ಭಾನುವಾರ ಬೆಳಗ್ಗೆ ಅಂಗಿಯನ್ನು ಹಿಂದುಮುಂದಾಗಿ ತೊಟ್ಟು ಅಂಗಳಕ್ಕಿಳಿದಾಗ ಸೊಸೆಗೆ ನಗು ತಡೆಯಲಾಗಲಿಲ್ಲ.

"ಮಾವ, ಗುಂಡಿ ಬೆನ್ನಿಗೆ ಬಂದಿದೆ!"

"ಬರ್ಲಿ ಬಿಡಮ್ಮ. ಮುಂದಿದ್ರೆ ನಿನ್ನ ಕಾರಿಗೆ ಗೀರು ಬೀಳುತ್ತೆ."

ಅವಳದೋ ಗುಜರಿಯವನೂ ಮೂಸಿ ನೋಡದಂಥ ಹಳೇ ಕಾರು. ಮಾವ ಮಾತ್ರ ಉಂಗುರ ತೆಗೆದಿಟ್ಟು, ಅಂಗೈಯಗಲ ಜಾಗಕ್ಕೆ ಮೇಣ ಸವರಿ, ಅದು ಮಂಜಾಗುವವರೆಗೆ ಕಾದು, ಹಳೇ ಬನಿಯನ್ನಿನಿಂದ ಉಜ್ಜುತ್ತಿದ್ದರು. ಅವಸರವೆಂಬುದು ಅವರ ಜಾಯಮಾನದಲ್ಲೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾರಿನ ಬಾಗಿಲಲ್ಲಿ ಸೊಸೆಗೆ ತನ್ನ ಹುಬ್ಬಿನ ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ ಕಂಡವು. ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಮುಂದಿನ ಭಾನುವಾರ ಅವಳೂ ಉಂಗುರ ಬಿಚ್ಚಿಟ್ಟು, ಗಂಡನ ಅಂಗಿಯನ್ನು ಹಿಂದುಮುಂದಾಗಿ ತೊಟ್ಟು ಬಂದಳು. ಮಾವ ಬನಿಯನ್ನನ್ನು ಪರ್ರನೆ ಹರಿದು ಅರ್ಧ ಅವಳ ಕೈಗಿಟ್ಟರು.