ಕಪ್ಪು ಬಿಡಿಸಿ ತೋರಿಸಿದವರು

ನಮ್ಮ ವಿಜ್ಞಾನದ ಟೀಚರ ಸೆರಗಿನ ತುಂಬ ಆಸಿಡ್ ಸಿಡಿದು ಆದ ಸಣ್ಣ ತೂತುಗಳಿದ್ದವು. ಕೈಗೆ ಸಿಕ್ಕ ದಾರದಲ್ಲಿ ಅವನ್ನು ಹೊಲಿದುಕೊಂಡಿರುತ್ತಿದ್ದರು. ಮನೆ ಕಲಬುರಗಿಯ ಕೋಟೆ ಹತ್ತಿರ; ದಿನಾ ಬಸ್ಸಿನಲ್ಲಿ ಕಮಲಾಪುರಕ್ಕೆ ಬರುತ್ತಿದ್ದರು. ಯಾರಾದರೂ ಉತ್ತರ ಹೇಳಿದರೆ, "ಹೇಳಿದ್ರ ಸಾಲದು, ಮಾಡಿ ತೋರಸು" ಎನ್ನುವರು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನನ್ನ ಬೆಂಚಿನ ಕೆಳಗೆ, ಯಾವುದೋ ಹುಡುಗನಿಗೆ ಬರೆದ ಒಂದು ಪ್ರೇಮಪತ್ರ ಸಿಕ್ಕಿತು. ಬರೆದವರ ಹೆಸರಿಲ್ಲ, ಕೈಬರಹ ಗುರುತು ಸಿಗದಂತೆ ಗೀಚಿದ ಅಕ್ಷರ. ಕಪ್ಪು ಸ್ಕೆಚ್ ಪೆನ್ನಿನದು. ನನ್ನ ಚೀಲದಲ್ಲೂ ಅಂಥದೇ ಪೆನ್ನಿತ್ತು. ನಾನೇ ಬರೆದದ್ದೆಂದು ಹೆಡ್‌ಮಾಸ್ತರರು ಅಪ್ಪನನ್ನು ಕರೆಸಿದರು.

"ನಾಳಿಂದ ಇಕಿ ಸಾಲಿಗಿ ಬರಲ್ರಿ," ಎಂದುಬಿಟ್ಟ ಅಪ್ಪ.

ಅಲ್ಲೇ ಇದ್ದ ಟೀಚರು ನನ್ನ ಕಡೆ ತಿರುಗಿ, "ನೀ ಬರದಿಯೇನು?" ಎಂದರು.

"ಇಲ್ರಿ."

ಪತ್ರದಿಂದ ಒಂದು ಅಕ್ಷರವಿದ್ದ ಪಟ್ಟಿ ಕತ್ತರಿಸಿದರು. ಅದೇ ಹಾಳೆಯ ಖಾಲಿ ಅಂಚಿನಿಂದ ಇನ್ನೊಂದು ಪಟ್ಟಿ; ಅದರ ಮೇಲೆ ನನ್ನ ಪೆನ್ನಿನಿಂದ ಚುಕ್ಕಿ. ಮಸಿ ಮುಳುಗದಂತೆ ಎರಡರ ತುದಿಯನ್ನಷ್ಟೇ ಬಟ್ಟಲಿನ ನೀರಿಗೆ ತಾಗಿಸಿ ಹಿಡಿದರು. ನೀರು ನಿಧಾನವಾಗಿ ಮೇಲೇರಿತು.

"ಕಪ್ಪು ಅಂದ್ರ ಒಂದ ಬಣ್ಣ ಅಲ್ರಿ, ನಾಕೈದು ಕೂಡಿರ್ತಾವ," ಅಪ್ಪನಿಗೆ ಹೇಳಿದರು. "ನೀರಿನ ಜೋಡಿ ಹೊಂದೂ ಬಣ್ಣ ಮುಂದ ಹೋಗ್ತದ. ಕಾಗದಕ್ಕ ಗಟ್ಟಿ ಅಂಟೂದು ಹಿಂದ ಉಳೀತದ. ಹಿಂಗ ಬ್ಯಾರೆ ಬ್ಯಾರೆ ಆಗ್ತಾವ, ನೋಡ್ರಿ."

ಪತ್ರದ ಮಸಿ ಗುಲಾಬಿ, ನೀಲಿಯಾಗಿ ಹರಿದಿತ್ತು. ನನ್ನದು ಹಳದಿ, ನೇರಳೆ.

"ಹಂಗಾರ ಎಲ್ಲಾ ಹುಡುಗ್ಯಾರ ಪೆನ್ನು ತರಸ್ರಿ, ಯಾರಂತ ಹುಡುಕೂಣು," ಎಂದರು ಹೆಡ್‌ಮಾಸ್ತರರು.

"ಬ್ಯಾಡ್ರಿ ಸರ್. ಒಂದ ಪೆನ್ನು ಹತ್ತು ಮಂದಿ ಕೈಯಾಗ ಅಡ್ಡಾಡ್ತದ. ಈಕಿ ಪೆನ್ನಲ್ಲಂತ ಗೊತ್ತಾತಲ್ಲ, ಸಾಕು." ಉಳಿದ ಪತ್ರವನ್ನೂ ಟೀಚರು ನೀರಿನ ಬಟ್ಟಲಲ್ಲಿ ಅದ್ದಿಬಿಟ್ಟರು. ಅಕ್ಷರಗಳೆಲ್ಲ ಕದಡಿಹೋದವು.

ಅಪ್ಪ ಮನೆಗೆ ನಡೆದ. ಮರುದಿನ ನಾನು ಶಾಲೆಗೆ ಹೋದೆ, ಯಾರೂ ತಡೆಯಲಿಲ್ಲ. ಆ ಪತ್ರ ಬರೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅವಳೂ ಓದು ಮುಗಿಸಿರಬೇಕು ಎಂದುಕೊಳ್ಳುತ್ತೇನೆ. ನಾನೀಗ ಕಲಬುರಗಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ.

ಹೋದ ವರ್ಷ ಟೀಚರು ತೀರಿಕೊಂಡರು. ಮೊಣಕಾಲು ನೋವಿದ್ದರೂ ಅಪ್ಪ ಕಮಲಾಪುರದಿಂದ ಬಸ್ಸು ಹಿಡಿದು ಬಂದ. ಹಿಡಿ ಮಣ್ಣು ಹಾಕಿ, ಜನ ಚದುರಿದ ಮೇಲೂ ಅಲ್ಲೇ ನಿಂತಿದ್ದ. ನಾನು ತೋಳು ಹಿಡಿದೆ.

"ಅವತ್ತು ನಾನೂ ನಿನ್ನ, ನೀ ಬರದಿಯೇನಂತ ಒಂದ್ ಮಾತು ಕೇಳಬೇಕಿತ್ತವ್ವ," ಎಂದ.

ಇಷ್ಟು ವರ್ಷಗಳಲ್ಲಿ ಅಪ್ಪ ಆ ದಿನದ ಮಾತೆತ್ತಿದ್ದು ಅದೇ ಮೊದಲು.